ಕಾಂಪ್ಯಾಕ್ಟ್ ಎಸ್‌ಯುವಿಗೆ ‘ಆಲ್ ಸೀಸನ್’ ಟೈರ್: ಪುಣೆಯ ಮಳೆಗೂ ಧಾರವಾಡದ ದಾರಿಗೂ ಯಾವುದು ಸರಿ?

ಪ್ರಶ್ನೆ: ಕೋಥ್ರೂಡಿನ ಧಾರವಾಡಿಗ

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷಗಳಿಂದ ಪುಣೆಯ ಕೋಥ್ರೂಡಿನಲ್ಲಿ ನೆಲೆಸಿದ್ದೇನೆ. ನಮ್ಮದು 2019ರ ವಿಟಾರಾ ಬ್ರೆಝಾ, ಡೀಸೆಲ್ ಗಾಡಿ. ಗಾಡಿಯ ಜೊತೆಗೆ ಬಂದ ಟೈರುಗಳೇ ಈವರೆಗೆ 54,000 ಕಿ.ಮೀ. ಓಡಿವೆ. ಮೊನ್ನೆ ನಾನೇ ಕೂತು ನೋಡಿದಾಗ, ಮುಂದಿನ ಎರಡು ಟೈರುಗಳಲ್ಲಿ ಗೀರುಗಳ ತಳದಲ್ಲಿರುವ ಸಣ್ಣ ರಬ್ಬರ್ ಗುರುತುಗಳಿಗೂ ಮೇಲಿನ ಟ್ರೆಡ್‌ಗೂ (ನೆಲಕ್ಕೆ ತಾಗುವ ರಬ್ಬರ್ ಪದರ) ಉಗುರಿನಷ್ಟು ಅಂತರವೂ ಉಳಿದಿರಲಿಲ್ಲ. ಹಿಂದಿನವು ಇನ್ನೂ ಪರವಾಗಿಲ್ಲ ಎನ್ನುವಂತಿವೆ.

ನಮ್ಮ ಓಡಾಟ ಹೀಗಿದೆ. ವಾರವಿಡೀ ಹಿಂಜವಡಿಗೆ ಹೋಗಿಬರುವುದು. ಎರಡು ತಿಂಗಳಿಗೊಮ್ಮೆ ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಮೇಲೆ ಧಾರವಾಡಕ್ಕೆ ಹೋಗುವುದು. ಮಳೆಗಾಲದಲ್ಲಿ ಮಕ್ಕಳ ಒತ್ತಾಯಕ್ಕೆ ಒಂದೆರಡು ಸಲ ತಾಮ್ಹಿಣಿ ಘಾಟ್ ಇಳಿಯುವುದು. ಅಳತೆ 215/60 ಆರ್ 16 (ಅಗಲ 215 ಮಿ.ಮೀ., ಬದಿಯ ಎತ್ತರ ಅಗಲದ ಶೇ. 60, ರಿಮ್ 16 ಇಂಚು), ಮುಂದೆ 95ಎಚ್ ಎಂದು ಬರೆದಿದೆ.

ಅಂಗಡಿಯವರು ಮೂರು ಆಯ್ಕೆಗಳನ್ನು ಮುಂದಿಟ್ಟಿದ್ದಾರೆ: ಮೊದಲಿದ್ದಂಥದೇ ಸಾಮಾನ್ಯ ಹೈವೇ ಟೈರ್, ಬದಿಯಲ್ಲಿ ‘ಎಂ+ಎಸ್’ ಗುರುತಿರುವ, ಒಂದಕ್ಕೆ ಸಾವಿರದ ಇನ್ನೂರು ರೂಪಾಯಿ ಹೆಚ್ಚಿನ ‘ಆಲ್ ಸೀಸನ್’, ಇಲ್ಲವೇ ಇದೇ ರಿಮ್ಮಿಗೆ ಕೂರುವ 215/65ರ ದಪ್ಪ ಹಲ್ಲಿನ ಆಲ್ ಟೆರೇನ್. ಎರಡನೆಯದನ್ನೇ ಹಾಕಿಸಿ, ಮಳೆ ಬಿಸಿಲು ಎರಡಕ್ಕೂ ಆಗುತ್ತದೆ ಎನ್ನುತ್ತಾರೆ. ಈ ಹೆಚ್ಚಿನ ಹಣಕ್ಕೆ ನಿಜವಾಗಿ ಏನಾದರೂ ಸಿಗುತ್ತದೆಯೇ? ಸದ್ಯಕ್ಕೆ ಎರಡೇ ಟೈರ್ ಬದಲಿಸಿದರೆ ನಡೆಯುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಚಿಂಚವಡದ ಹಳೆಯ ಕೈ

ಧಾರವಾಡಿಗರೇ, ನಾನು ಟೈರಿನ ವ್ಯವಹಾರದಲ್ಲಿ ಇಪ್ಪತ್ತೆರಡು ವರ್ಷ ಇದ್ದವನು, ಈಗ ಬಿಟ್ಟಿದ್ದೇನೆ. ಆದ್ದರಿಂದ ಯಾರ ಮಾಲನ್ನೂ ಮಾರಬೇಕಾಗಿಲ್ಲ.

ಮೊದಲು ‘ಆಲ್ ಸೀಸನ್’ ಎಂಬ ಮಾತನ್ನು ಬಿಡಿಸಿ ನೋಡೋಣ. ಇದು ಹಿಮ ಬೀಳುವ ದೇಶಗಳ ಮಾತು. ಅಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ವರ್ಷಕ್ಕೆರಡು ಸಲ ಟೈರ್ ಬದಲಿಸುವ ತಾಪತ್ರಯವಿತ್ತು. ಅದನ್ನು ತಪ್ಪಿಸಲೆಂದು ಅಮೆರಿಕದಲ್ಲಿ 1977ರಲ್ಲಿ ಗುಡ್‌ಇಯರ್ ಕಂಪನಿ ‘ಟಿಯೆಂಪೊ’ ಎಂಬ ಟೈರನ್ನು ತಂದಿತು, ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ, ಚಳಿಗಾಲದ ಟೈರಿನ ರಬ್ಬರ್ ಬಿಸಿಲಿನಲ್ಲಿ ಮೆತ್ತಗಾಗಿ ಬೇಗ ಸವೆಯುತ್ತದೆ. ಆಲ್ ಸೀಸನ್ ಎಂದರೆ ಇವೆರಡರ ನಡುವಿನ ರಾಜಿ. ಪುಣೆಯಲ್ಲಿ ಡಿಸೆಂಬರ್, ಜನವರಿಯ ಕೆಲವು ಮುಂಜಾವುಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು, ನಿಜ. ಆದರೆ ನಾವು ಗಾಡಿ ಹೊರತೆಗೆಯುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಹಿಮಕ್ಕಾಗಿ ಮಾಡಿಕೊಂಡ ರಾಜಿಯ ಲಾಭ ನಮಗೆ ದಕ್ಕುವುದೇ ಇಲ್ಲ.

ಇನ್ನು ‘ಎಂ+ಎಸ್’. ಕೆಸರು ಮತ್ತು ಹಿಮ ಎಂಬ ಎರಡು ಇಂಗ್ಲಿಷ್ ಪದಗಳ ಮೊದಲಕ್ಷರಗಳು ಅವು. ಟ್ರೆಡ್‌ನ ವಿನ್ಯಾಸವನ್ನು ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು ಇದು. ಇದರ ಹಿಂದೆ ಹಿಡಿತದ ಪರೀಕ್ಷೆಯೇನೂ ಇರಬೇಕೆಂದಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿದ್ದರೆ ಮಾತ್ರ ಆ ಟೈರು ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ, ಅದು ನಿಮಗೆ ಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿ ಮಾರಾಟವಾಗುವ ಸಾಮಾನ್ಯ ಹೈವೇ ಟೈರುಗಳೆಲ್ಲ ಬಿಸಿಲನ್ನೂ ಮಳೆಯನ್ನೂ ಎಣಿಸಿಯೇ ಮಾಡಿದಂಥವು. ಆದ್ದರಿಂದ ಆ ಎರಡಕ್ಷರಕ್ಕಾಗಿ ಟೈರೊಂದಕ್ಕೆ ಸಾವಿರದ ಇನ್ನೂರು ಕೊಡಬೇಡಿ. ಅದೇ ಹಣಕ್ಕೆ ಒದ್ದೆ ರಸ್ತೆಯ ಹಿಡಿತ ಹೆಚ್ಚಿರುವ ಟೈರ್ ಸಿಗುವುದಾದರೆ ಸಂತೋಷವಾಗಿ ಕೊಡಿ.

ಏಕೆಂದರೆ ನಿಮ್ಮ ಓಡಾಟದಲ್ಲಿ ನಿಜವಾದ ಕಷ್ಟವಿರುವುದು ನೀರಿನಲ್ಲಿ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಾಗಲಿ ಸಾತಾರಾ ರಸ್ತೆಯಲ್ಲಾಗಲಿ ಜುಲೈ ತಿಂಗಳಲ್ಲಿ 80ರ ಮೇಲೆ ಹೋಗುವಾಗ, ಟೈರಿನ ಗೀರುಗಳು ನೀರನ್ನು ಬದಿಗೆ ತಳ್ಳಲಾರದೆ ಹೋದರೆ ಗಾಡಿ ನೀರಿನ ಪದರದ ಮೇಲೆ ತೇಲಿಬಿಡುತ್ತದೆ. ಸ್ಟೀರಿಂಗ್ ಒಮ್ಮೆಲೇ ಹಗುರವಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹೊಸ ಟೈರಿನಲ್ಲಿ 7ರಿಂದ 8 ಮಿ.ಮೀ. ಆಳದ ಗೀರು ಇರುತ್ತದೆ. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ., ನೀವು ನೋಡಿದ ಸಣ್ಣ ರಬ್ಬರ್ ಗುರುತಿನ ಎತ್ತರವೂ ಅಷ್ಟೇ. ಆದರೆ ಒದ್ದೆ ರಸ್ತೆಯಲ್ಲಿ 3 ಮಿ.ಮೀ.ಗಿಂತ ಕೆಳಗಿಳಿದಾಗಲೇ ಗಾಡಿ ನಿಲ್ಲಲು ತೆಗೆದುಕೊಳ್ಳುವ ದೂರ ಎದ್ದು ಕಾಣುವಷ್ಟು ಹೆಚ್ಚಾಗತೊಡಗುತ್ತದೆ. ಮಳೆಗಾಲಕ್ಕೆ ಮೊದಲು ಬದಲಿಸಬೇಕಿತ್ತು ಎಂದು ಬೈಯುವುದಿಲ್ಲ, ಇನ್ನು ತಡಮಾಡಬೇಡಿ ಎಂದಷ್ಟೇ ಹೇಳುತ್ತೇನೆ.

ಅಂಗಡಿಯಲ್ಲಿ ನಕ್ಷತ್ರಗಳ ಲೇಬಲ್ ತೋರಿಸಿದರೆ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಇಂಧನ ದಕ್ಷತೆಯ ಆ ನಕ್ಷತ್ರಗಳನ್ನು ಕೊಡುವುದು ಉರುಳುವಾಗಿನ ಪ್ರತಿರೋಧವನ್ನು ಅಳೆದು. ಮಳೆಯಲ್ಲಿ ಗಾಡಿ ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹಗುರವಾಗಿ ಉರುಳುವ ಗುಣ, ಒದ್ದೆಯಲ್ಲಿ ಕಚ್ಚಿ ಹಿಡಿಯುವ ಗುಣ ಎರಡೂ ಒಂದೇ ರಬ್ಬರಿನಲ್ಲಿ ಬರಬೇಕೆಂದರೆ ಸಿಲಿಕಾ ಹೆಚ್ಚಿರುವ ಒಳ್ಳೆಯ ಮಿಶ್ರಣ ಬೇಕಾಗುತ್ತದೆ, ಬೆಲೆ ಏರುವುದು ಅಲ್ಲಿಯೇ.

95ಎಚ್ ಎಂಬುದನ್ನೂ ಮರೆಯಬೇಡಿ. 95 ಎಂದರೆ ಒಂದು ಟೈರು ಹೊರಬಲ್ಲ ಭಾರ 690 ಕೆ.ಜಿ., ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಇದಕ್ಕಿಂತ ಮೇಲಿನದು ನಡೆದೀತು, ಕೆಳಗಿನದು ಕೂಡದು. ಮೈಸೂರಿನ ವಿಕ್ರಾಂತ್ ಟೈರ್ ಕಾಲದಿಂದ ನೋಡಿದ್ದೇನೆ, ಗಿರಾಕಿಗಳು ಹೆಸರನ್ನು ಕೇಳುತ್ತಾರೆಯೇ ಹೊರತು ಈ ಅಂಕಿಯನ್ನು ಯಾರೂ ಓದುವುದಿಲ್ಲ.

ಉತ್ತರ: ಫೋಂಡಾವಾಸಿ

ಆಲ್ ಟೆರೇನ್ ಬಗ್ಗೆ ಮಾತ್ರ ನನ್ನ ಅನುಭವ ಹೇಳುತ್ತೇನೆ. ನಾನು ಗೋವಾದ ಫೋಂಡಾದಿಂದ ತಿಂಗಳಿಗೆ ಎರಡು ಸಲ ಮೊಲೆಂ, ಅನಮೋಡ ಘಾಟ್, ಖಾನಾಪುರದ ಮೇಲೆ ಬೆಳಗಾವಿಯ ತವರಿಗೆ ಹೋಗುತ್ತೇನೆ. ಘಾಟಿನ ರಸ್ತೆ ಕೆಟ್ಟಿದೆಯೆಂದು ಯಜಮಾನರು ಹಟ ಹಿಡಿದು ದಪ್ಪ ಹಲ್ಲಿನ ಟೈರ್ ಹಾಕಿಸಿದರು. ಗುಂಡಿಗಳಲ್ಲಿ ಅವು ಗಟ್ಟಿ, ಎರಡು ಮಳೆಗಾಲದಲ್ಲಿ ಒಂದೂ ಪಂಕ್ಚರ್ ಆಗಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಡಾಂಬರು ರಸ್ತೆ ಬಂತೆಂದರೆ ಜೇನುಗೂಡಿನೊಳಗೆ ಕೂತ ಹಾಗೆ ಗುಂಯ್ ಎಂಬ ಸದ್ದು. ಲೀಟರಿಗೆ ಒಂದೂವರೆ ಕಿ.ಮೀ.ಯಷ್ಟು ಮೈಲೇಜ್ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು, ಘಾಟಿನ ತಿರುವಿನಲ್ಲಿ ಮಳೆಯಿಂದ ನುಣುಪಾದ ಹಳೆಯ ಡಾಂಬರಿನ ಮೇಲೆ ಬ್ರೇಕ್ ಒತ್ತಿದಾಗ ಎಬಿಎಸ್ (ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಟಕಟ ಎನ್ನುತ್ತಾ ಗಾಡಿ ಮುಂದೆ ಮುಂದೆ ಹೋದದ್ದು. ಮೊದಲಿನ ಟೈರಿನಲ್ಲಿ ಅದೇ ತಿರುವಿನಲ್ಲಿ ಹಾಗೆ ಆಗಿರಲಿಲ್ಲ. ನೀವು ದಿನವೂ ಹೋಗುವುದು ಹಿಂಜವಡಿಗೆ; ತಾಮ್ಹಿಣಿಗೂ ಈಗ ರಸ್ತೆಯಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವಂತೆ ಆಗದಿರಲಿ.

ಮರುಪ್ರಶ್ನೆ: ಕೋಥ್ರೂಡಿನ ಧಾರವಾಡಿಗ

ಇಬ್ಬರಿಗೂ ಧನ್ಯವಾದ. ಆಲ್ ಟೆರೇನ್ ಆಸೆ ಬಿಟ್ಟೆ. ಆದರೆ 215/65ರ ಅಳತೆಯಲ್ಲೇ ಹೈವೇ ಟೈರ್ ಹಾಕಿದರೆ ಗಾಡಿ ತುಸು ಎತ್ತರವಾಗಿ ಗುಂಡಿಗಳಲ್ಲಿ ಅನುಕೂಲವಾಗುವುದಿಲ್ಲವೇ? ಎರಡೇ ಟೈರ್ ಬದಲಿಸುವ ಮಾತಿಗೆ ಉತ್ತರ ಬರಲಿಲ್ಲ.

ಉತ್ತರ: ಚಿಂಚವಡದ ಹಳೆಯ ಕೈ

ಲೆಕ್ಕ ಹಾಕಿ ನೋಡಿ. 215/60 ಆರ್ 16ರ ಒಟ್ಟು ವ್ಯಾಸ ಸುಮಾರು 664 ಮಿ.ಮೀ., 215/65ರದು ಸುಮಾರು 686. ವ್ಯತ್ಯಾಸ ಶೇ. 3ಕ್ಕಿಂತ ತುಸು ಹೆಚ್ಚು. ನಮ್ಮ ವ್ಯವಹಾರದಲ್ಲಿ ಶೇ. 3ರೊಳಗಿರಬೇಕು ಎಂಬುದು ಹಳೆಯ ರೂಢಿ. ಗಾಡಿ ಎತ್ತರವಾಗುವುದು ಈ ವ್ಯತ್ಯಾಸದ ಅರ್ಧದಷ್ಟು, ಅಂದರೆ ಸುಮಾರು 11 ಮಿ.ಮೀ. ಮಾತ್ರ. ಅಷ್ಟಕ್ಕಾಗಿ ಸ್ಪೀಡೋಮೀಟರ್ ತೋರಿಸುವುದಕ್ಕಿಂತ ನಿಜವಾದ ವೇಗ ಹೆಚ್ಚಾಗುತ್ತದೆ, ಗೇರಿನ ಎಳೆತ ತಗ್ಗುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುವ ಸಾಧ್ಯತೆಯಿರುತ್ತದೆ. ಗಾಡಿ ಮಾಡಿದವರು ಕೊಟ್ಟ ಅಳತೆಯನ್ನೇ ಉಳಿಸಿಕೊಳ್ಳಿ.

ಎರಡೇ ಬದಲಿಸುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಹಿಂದಿನವನ್ನು ಮುಂದಕ್ಕೆ ತನ್ನಿ. ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನಲ್ಲವೇ, ಹೊಸದು ಅಲ್ಲಿ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಒದ್ದೆಯಲ್ಲಿ ಮುಂದಿನ ಗಾಲಿ ಜಾರಿದರೆ ಗಾಡಿ ನೇರವಾಗಿ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಮಟ್ಟಿಗೆ ಕೈಗೆ ಬರುತ್ತದೆ; ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನಮ್ಮಂಥವರ ಕೈಯಲ್ಲಿಲ್ಲ. ಆದರೆ ನಿಮ್ಮ ಟೈರುಗಳಿಗೆ ಆರು ವರ್ಷ ದಾಟಿದೆ. ಹಿಂದಿನವುಗಳ ಬದಿಯನ್ನು ಬೆರಳಿನಿಂದ ತುಸು ಬಾಗಿಸಿ ನೋಡಿ. ಕೂದಲೆಳೆಯಂಥ ಬಿರುಕುಗಳು ಕಂಡರೆ ಟ್ರೆಡ್ ಎಷ್ಟೇ ಉಳಿದಿದ್ದರೂ ನಾಲ್ಕನ್ನೂ ತೆಗೆಸಿ.

ಉತ್ತರ: ಡೊಂಬಿವಲಿ ಭಟ್ಟ

ಟೈರ್ ಯಾವುದೆಂದು ನಿರ್ಧಾರವಾಯಿತು. ಅಂಗಡಿಯಲ್ಲಿ ಮೋಸಹೋಗದಿರುವ ಬಗ್ಗೆ ನನ್ನದೊಂದು ಮಾತು. ಹೋದ ವರ್ಷ ಥಾಣೆಯ ಒಂದು ಅಂಗಡಿಯಲ್ಲಿ ನಾಲ್ಕು ಟೈರ್ ಕೊಂಡೆ. ಮನೆಗೆ ಬಂದು ಗಾಡಿ ತೊಳೆಯುವಾಗ ತಯಾರಿಕೆಯ ದಿನಾಂಕ ಹುಡುಕಿದರೆ ಎರಡು ಟೈರುಗಳಲ್ಲಿ ಮಾತ್ರ ಕಂಡಿತು. ಉಳಿದೆರಡರಲ್ಲಿ ದಿನಾಂಕವಿರುವ ಬದಿಯನ್ನು ಒಳಗೆ ಮಾಡಿ ಕೂರಿಸಿದ್ದರು. ಗಾಡಿಯ ಕೆಳಗೆ ಮಲಗಿ ಮೊಬೈಲ್ ಬೆಳಕು ಹಾಯಿಸಿ ಓದಿದಾಗ ಅವೆರಡೂ ಎರಡೂವರೆ ವರ್ಷ ಹಳೆಯವು! ‘ಡಾಟ್’ ಎಂಬ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2325 ಎಂದಿದ್ದರೆ 2025ರ ಇಪ್ಪತ್ತಮೂರನೆಯ ವಾರ. ರಿಮ್ಮಿಗೆ ಏರಿಸುವ ಮೊದಲೇ ನಾಲ್ಕನ್ನೂ ನೆಲಕ್ಕೆ ಹಾಕಿಸಿ ಓದಿ. ಏರಿಸಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬೆಲೆಯ ಬಗ್ಗೆಯೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮೊದಲಿನ ಬೆಲೆ 6,000 ರೂಪಾಯಿ ಎಂದಿಟ್ಟುಕೊಂಡರೆ, ಮೊದಲು 7,680 ಆಗುತ್ತಿದ್ದದ್ದು ಈಗ 7,080. ಹಳೆಯ ಸ್ಟಿಕ್ಕರ್ ತೋರಿಸಿ ‘ಡಿಸ್ಕೌಂಟ್’ ಕೊಟ್ಟೆವು ಎಂದರೆ ಆ ಆರುನೂರು ಡಿಸ್ಕೌಂಟಲ್ಲ, ನಿಮ್ಮದೇ ಹಣ. ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಇವೆಲ್ಲ ಸೇರಿ ಎಷ್ಟೆಂದು ಮೊದಲೇ ಬರೆಸಿಕೊಳ್ಳಿ. ನೈಟ್ರೋಜನ್ ಬೇಕೇ ಎಂದು ಕೇಳಿದರೆ ಬೇಡವೆನ್ನಿ. ಹದಿನೈದು ದಿನಕ್ಕೊಮ್ಮೆ ಗಾಡಿ ತಣ್ಣಗಿರುವಾಗ ಸಾಮಾನ್ಯ ಗಾಳಿಯನ್ನೇ ನೋಡಿಸಿದರೆ ಸಾಕು.

ಮತ್ತೆ: ಕೋಥ್ರೂಡಿನ ಧಾರವಾಡಿಗ

ಶನಿವಾರ ಕೆಲಸ ಮುಗಿಯಿತು. ಹಿಂದಿನ ಟೈರುಗಳ ಬದಿಯನ್ನು ಬಾಗಿಸಿ ನೋಡಿದೆ, ಬಿರುಕುಗಳಿದ್ದವು. ಆದ್ದರಿಂದ ನಾಲ್ಕನ್ನೂ ಬದಲಿಸಿದೆ. ಅದೇ 215/60, 95ಎಚ್, ‘ಎಂ+ಎಸ್’ ಇಲ್ಲದ ಹೈವೇ ಟೈರ್. ಮೊದಲು ತಂದ ನಾಲ್ಕರಲ್ಲಿ ಒಂದು ಮಾತ್ರ ಹದಿನಾಲ್ಕು ತಿಂಗಳು ಹಳೆಯದಿತ್ತು. ಭಟ್ಟರ ಮಾತು ನೆನಪಾಗಿ ಅದನ್ನು ಬೇಡವೆಂದೆ. ಹುಡುಗ ಏನೂ ಹೇಳದೆ ಒಳಗೆ ಹೋಗಿ ಬೇರೆಯದನ್ನು ಉರುಳಿಸಿಕೊಂಡು ಬಂದ. ಅಲೈನ್‌ಮೆಂಟ್ ಯಂತ್ರದಲ್ಲಿ ಮುಂದಿನ ಎಡಗಾಲಿ ಸಾಕಷ್ಟು ಹೊರಕ್ಕೆ ತಿರುಗಿದ್ದು ಕಂಡಿತು, ಹಳೆಯ ಟೈರಿನ ಒಳಬದಿ ಮಾತ್ರ ಬೋಳಾಗಿದ್ದು ಏಕೆಂದು ಆಗ ತಿಳಿಯಿತು.

ಒಂದು ಸಂದೇಹ ಉಳಿದಿದೆ. ಸ್ಟೆಪ್ನಿ 2019ರದೇ, ಒಮ್ಮೆಯೂ ನೆಲ ಮುಟ್ಟಿಲ್ಲ. ಅದನ್ನು ಇಟ್ಟುಕೊಳ್ಳಬಹುದೇ?

ಉತ್ತರ: ಚಿಂಚವಡದ ಹಳೆಯ ಕೈ

ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಪಂಕ್ಚರ್ ಆದಾಗ ಹತ್ತಿರದ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಸಾಕು, ಅದರ ಮೇಲೆ ಧಾರವಾಡದವರೆಗೆ ಹೋಗಬೇಡಿ. ಗಾಳಿ ಮಾತ್ರ ಇವತ್ತೇ ನೋಡಿಸಿ. ಆರು ವರ್ಷ ಮುಟ್ಟದ ಸ್ಟೆಪ್ನಿಯಲ್ಲಿ 30 ಪಿಎಸ್‌ಐ ಉಳಿದಿದ್ದನ್ನು ನಾನಂತೂ ಕಂಡಿಲ್ಲ.