‘ಇಫ್’ ಇಲ್ಲದ ವಾಕ್ಯದಲ್ಲಿ ‘ಹಾಗಾಗಿದ್ದರೆ’ ಎಂಬ ಅರ್ಥ ಎಲ್ಲಿಂದ ಬರುತ್ತದೆ? (ಇಂಗ್ಲಿಷ್ ರಿಲೇಟಿವ್ ಕ್ಲಾಸ್, ಅಂದರೆ ‘ಹೂ’, ‘ದಟ್’, ‘ವಿಚ್’ ಇಂದ ಶುರುವಾಗುವ ಉಪವಾಕ್ಯದ ಬಗ್ಗೆ)

ಪಾಳಿಬುಕ್ಕು ಕೇಳಿದ ಪ್ರಶ್ನೆ:

ಕಾರ್ಖಾನೆಯ ಅಪಘಾತಗಳ ಬಗ್ಗೆ ವರದಿ ಬರೆಯುವುದು ನನ್ನ ಕೆಲಸ. ವರದಿ ಇಂಗ್ಲಿಷಿನಲ್ಲೇ ಹೋಗಬೇಕು. ಇಂಥ ವರದಿಯಲ್ಲಿ ಆದದ್ದು ಎಷ್ಟಿರುತ್ತದೋ ಆಗದೇ ಹೋದದ್ದೂ ಅಷ್ಟೇ ಇರುತ್ತದೆ. ಮೆಷಿನ್ನಿಗೆ ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಕವಚ) ಇದ್ದಿದ್ದರೆ ಏನಾಗುತ್ತಿತ್ತು, ಇನ್ನೊಬ್ಬರು ಕೈ ಹಾಕಿದರೆ ಏನಾದೀತು, ಹೀಗೆ.

ಈ ಸಲ ಎರಡು ವಾಕ್ಯಗಳ ಮೇಲೆ ತಕರಾರು. ಮೊದಲನೆಯದು ಪಕ್ಕದ ಲೈನಿನಲ್ಲಿರುವ ಅದೇ ಮಾದರಿಯ ಮೆಷಿನ್ ಬಗ್ಗೆ: “ಎನಿ ಆಪರೇಟರ್ ಹೂ ರೀಚ್ಡ್ ಇನ್ ವುಡ್ ಲೂಸ್ ಅ ಹ್ಯಾಂಡ್.” ಯಾವ ಆಪರೇಟರ್ ಒಳಗೆ ಕೈ ಹಾಕಿದರೂ ಕೈ ಹೋಗುತ್ತದೆ ಎಂಬ ಎಚ್ಚರಿಕೆ. ವರದಿ ನೋಡುವ ಮೇಲಿನವರು ‘ರೀಚ್ಡ್’ ಹೊಡೆದುಹಾಕಿ ‘ವುಡ್ ರೀಚ್’ ಅಂತ ಮಾಡಿದ್ದಾರೆ. ಆ ಮೆಷಿನ್ನಿಗೆ ಇನ್ನೂ ಯಾರೂ ಕೈ ಹಾಕಿಲ್ಲ, ಪಾಸ್ಟ್ ಟೆನ್ಸ್ ಹೇಗೆ ಬರುತ್ತದೆ ಅನ್ನುವುದು ಅವರ ಪ್ರಶ್ನೆ.

ಎರಡನೆಯದು ನಿಜವಾಗಿ ಆದ ಅಪಘಾತದ ಬಗ್ಗೆ: “ದ ಗಾರ್ಡ್ ದಟ್ ವುಡ್ ಹ್ಯಾವ್ ಸೇವ್ಡ್ ಹಿಮ್ ಹ್ಯಾಡ್ ಬೀನ್ ರಿಮೂವ್ಡ್.” ಇಲ್ಲಿ ಅವರು ‘ವುಡ್ ಹ್ಯಾವ್’ ತೆಗೆಯಿರಿ ಅನ್ನುತ್ತಾರೆ. ವಾಕ್ಯದಲ್ಲಿ ‘ಇಫ್’ ಇಲ್ಲ, ಹಾಗಾಗಿ ‘ವುಡ್ ಹ್ಯಾವ್’ ಬರುವ ಹಾಗಿಲ್ಲವಂತೆ.

ಒಂದು ಕಡೆ ‘ವುಡ್’ ಸೇರಿಸುತ್ತಾರೆ, ಇನ್ನೊಂದು ಕಡೆ ಕಿತ್ತುಹಾಕುತ್ತಾರೆ. ಎರಡೂ ಕಡೆ ನಾನು ಬರೆದದ್ದೇ ಸರಿ ಅನ್ನಿಸುತ್ತದೆ. ಆದರೆ ‘ಕಿವಿಗೆ ಹಾಗೇ ಸರಿಯಾಗಿ ಕೇಳುತ್ತದೆ’ ಅಂದರೆ ಅವರು ಬಿಡುವವರಲ್ಲ. ಕಾರಣ ಯಾರಾದರೂ ಹೇಳ್ತೀರಾ?

ಕೆಂಪುಪೆನ್ನು:

ಎರಡೂ ಕಡೆ ನೀವೇ ಸರಿ. ಆದರೆ ಕಾರಣ ಒಂದೇ ಅಲ್ಲ.

ತಿದ್ದುವ ಕೆಲಸದಲ್ಲಿ ಇಂಥ ವಾಕ್ಯ ಸಿಕ್ಕಾಗ ನಾನು ಮೊದಲು ನೋಡುವುದು ಇಷ್ಟೇ: ಈ ರಿಲೇಟಿವ್ ಕ್ಲಾಸ್ ಷರತ್ತು ಹೇಳುತ್ತಿದೆಯೋ, ಫಲಿತಾಂಶ ಹೇಳುತ್ತಿದೆಯೋ? ನಿಮ್ಮ ಮೊದಲ ವಾಕ್ಯದಲ್ಲಿ ‘ಹೂ ರೀಚ್ಡ್ ಇನ್’ ಷರತ್ತು, ಕೈ ಹೋಗುವುದು ಫಲಿತಾಂಶ. ಅಂದರೆ ‘ಇಫ್ ಎನಿ ಆಪರೇಟರ್ ರೀಚ್ಡ್ ಇನ್’ ಅನ್ನುವುದನ್ನೇ ‘ಇಫ್’ ಬಿಟ್ಟು ಹೇಳಿದ್ದೀರಿ. ಷರತ್ತಿನ ಜಾಗದಲ್ಲಿ ‘ಇಫ್’ ಇದ್ದಾಗ ಯಾವ ಟೆನ್ಸ್ ಬರುತ್ತದೋ ‘ಹೂ’ ಇದ್ದಾಗಲೂ ಅದೇ ಬರುತ್ತದೆ.

ಪಾಸ್ಟ್ ಟೆನ್ಸ್ ಬಗ್ಗೆ ಮೇಲಿನವರಿಗೆ ಹೀಗೆ ಹೇಳಿ. ಇಂಗ್ಲಿಷಿನ ಪಾಸ್ಟ್ ಟೆನ್ಸಿಗೆ ಎರಡು ಕೆಲಸ ಇವೆ. ಒಂದು, ಮುಗಿದುಹೋದದ್ದನ್ನು ಹೇಳುವುದು. ಇನ್ನೊಂದು, ‘ಇದು ನಿಜ ಅಂತ ಹೇಳುತ್ತಿಲ್ಲ, ಊಹೆ ಮಾಡುತ್ತಿದ್ದೇನೆ’ ಅಂತ ತೋರಿಸುವುದು. “ಇಫ್ ಐ ಹ್ಯಾಡ್ ವಿಂಗ್ಸ್” ಅಂದವನಿಗೆ ನಿನ್ನೆ ರೆಕ್ಕೆ ಇತ್ತು ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ಹಡಲ್‌ಸ್ಟನ್ ಮತ್ತು ಪುಲ್ಲಮ್ 2002ರಲ್ಲಿ ತಂದ ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ‘ಮೋಡಲ್ ಪ್ರೆಟರಿಟ್’ ಎಂಬ ಹೆಸರಿದೆ. ಹೆಸರು ನೆನಪಿಡದಿದ್ದರೂ ಪರವಾಗಿಲ್ಲ. ಈ ಎರಡನೇ ಕೆಲಸ ‘ಇಫ್’ ಒಂದರ ಸ್ವತ್ತಲ್ಲ ಅನ್ನುವುದು ಗೊತ್ತಿದ್ದರೆ ಸಾಕು.

ಭವಿಷ್ಯದ ಮಾತಿನಲ್ಲೂ ಹೀಗೇ ಆಗುತ್ತದೆ. “ಎನಿಒನ್ ಹೂ ಕಮ್ಸ್ ಲೇಟ್ ವಿಲ್ ಬಿ ಸೆಂಟ್ ಬ್ಯಾಕ್.” ತಡವಾಗಿ ಬರುವುದು ನಾಳೆಯ ಮಾತು. ಆದರೂ ‘ಹೂ ವಿಲ್ ಕಮ್’ ಅನ್ನುವುದಿಲ್ಲ. ‘ವಿಲ್’ ಫಲಿತಾಂಶದ ಕಡೆ ಮಾತ್ರ. ಇದೇ ವಾಕ್ಯವನ್ನು ಊಹೆಗೆ ತಿರುಗಿಸಿದರೆ ‘ಕಮ್ಸ್’ ಹೋಗಿ ‘ಕೇಮ್’ ಬರುತ್ತದೆ, ‘ವಿಲ್’ ಹೋಗಿ ‘ವುಡ್’ ಬರುತ್ತದೆ. ಅದೂ ಮುಗಿದ ಕಥೆಯಾದರೆ ಇನ್ನೊಂದು ಹೆಜ್ಜೆ ಹಿಂದಕ್ಕೆ: “ಎನಿಒನ್ ಹೂ ಹ್ಯಾಡ್ ಕಮ್ ಲೇಟ್ ವುಡ್ ಹ್ಯಾವ್ ಬೀನ್ ಸೆಂಟ್ ಬ್ಯಾಕ್.” ತಡವಾಗಿ ಬಂದಿದ್ದರೆ ವಾಪಸ್ ಕಳಿಸುತ್ತಿದ್ದರು ಅಂತ.

ಆದರೆ ಇದಕ್ಕೆ ‘ಎನಿ’ ಅಥವಾ ‘ಅ’ ಬೇಕು. ಇಲ್ಲಿ ಜಾಸ್ತಿ ಜನ ಜಾರುತ್ತಾರೆ. “ದ ಆಪರೇಟರ್ ಹೂ ರೀಚ್ಡ್ ಇನ್” ಅಂತ ಶುರು ಮಾಡಿದರೆ ಓದುವವರ ಕಣ್ಣಮುಂದೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ಅವನು ನಿಜವಾಗಿ ಕೈ ಹಾಕಿದ್ದಾನೆ. ಊಹೆ ಹೋಗಿ ಘಟನೆ ಆಯಿತು. ‘ಹೂ’ ಮುಂದೆ ಕಾಮಾ ಹಾಕಿದರೂ ಇದೇ ಕಥೆ, ಯಾಕೆಂದರೆ ಕಾಮಾದ ಆಚೆಗಿನದು ಷರತ್ತಾಗಿ ಉಳಿಯುವುದಿಲ್ಲ, ಸುಮ್ನೆ ಒಂದು ಮಾಹಿತಿ ಆಗುತ್ತದೆ. ‘ಎನಿ ಆಪರೇಟರ್’ ಆದಮೇಲೆ ಕಾಮಾ ಬರುವುದೇ ಇಲ್ಲ. ಯಾರೆಂದೇ ಗೊತ್ತಿಲ್ಲದವನ ಬಗ್ಗೆ ಹೆಚ್ಚಿನ ಮಾಹಿತಿ ಕೊಡುವುದು ಹೇಗೆ?

ಈಗ ಎರಡನೇ ವಾಕ್ಯ. ಇಲ್ಲಿ ರಿಲೇಟಿವ್ ಕ್ಲಾಸೇ ಫಲಿತಾಂಶ. ಷರತ್ತು ಬಾಯಿಬಿಟ್ಟು ಹೇಳಿಲ್ಲ, ಆದರೆ ‘ಹ್ಯಾಡ್ ಬೀನ್ ರಿಮೂವ್ಡ್’ ಅನ್ನುವುದರಿಂದ ತಾನಾಗೇ ತಿಳಿಯುತ್ತದೆ: ಗಾರ್ಡ್ ಜಾಗದಲ್ಲಿ ಇದ್ದಿದ್ದರೆ. ಫಲಿತಾಂಶ ಅಂದಮೇಲೆ ‘ವುಡ್ ಹ್ಯಾವ್’ ಇರಲೇಬೇಕು. ಮೇಲಿನವರು ಹೇಳಿದಂತೆ ಅದನ್ನು ತೆಗೆದು ಓದಿ ನೋಡಿ: “ದ ಗಾರ್ಡ್ ದಟ್ ಸೇವ್ಡ್ ಹಿಮ್ ಹ್ಯಾಡ್ ಬೀನ್ ರಿಮೂವ್ಡ್.” ಅವನನ್ನು ಕಾಪಾಡಿದ ಗಾರ್ಡನ್ನು ತೆಗೆದಿದ್ದರಂತೆ! ಹಾಗಿದ್ದರೆ ಏಟು ಬಿದ್ದದ್ದು ಯಾರಿಗೆ?

ಮಾತುಗಾತಿ:

ಕೆಂಪುಪೆನ್ನು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ‘ಎನಿ ಆಪರೇಟರ್ ಹೂ ವುಡ್ ರೀಚ್ ಇನ್’ ಅನ್ನುವುದು ಪೂರ್ತಿ ತಪ್ಪು ಇಂಗ್ಲಿಷ್ ಅಲ್ಲ. ಅದರ ಅರ್ಥವೇ ಬೇರೆ. ಷರತ್ತಿನ ಜಾಗದಲ್ಲಿ ‘ವುಡ್’ ಬಂದರೆ ‘ಅಂಥ ಕೆಲಸಕ್ಕೆ ಕೈ ಹಾಕುವಂಥವನು’, ‘ಅದಕ್ಕೆ ಹೇಸದವನು’ ಎಂಬ ಬಣ್ಣ ಬರುತ್ತದೆ. “ಎನಿಒನ್ ಹೂ ವುಡ್ ಹಿಟ್ ಅ ಚೈಲ್ಡ್” ಅಂದಾಗ ಹೊಡೆತಕ್ಕಿಂತ ಹೊಡೆಯುವವನ ಗುಣದ ಮೇಲೆ ಬೆರಳು. ನಿಮ್ಮ ವರದಿ ಮೆಷಿನ್ ಅಪಾಯಕಾರಿ ಅಂತ ಹೇಳಬೇಕು. ತಿದ್ದಿದ ವಾಕ್ಯ ಆಪರೇಟರ್ ಅವಿವೇಕಿ ಅಂತ ಹೇಳುತ್ತದೆ. ತಪ್ಪನ್ನು ಮೆಷಿನ್ನಿಂದ ಎತ್ತಿ ಕೆಲಸಗಾರನ ತಲೆಗೆ ಕಟ್ಟಿದ ಹಾಗಾಯಿತು. ನಾನಾದರೆ ಮೇಲಿನವರಿಗೆ ಈ ಒಂದು ಮಾತು ಹೇಳುತ್ತಿದ್ದೆ, ಟೆನ್ಸಿನ ಪಾಠ ಬಿಟ್ಟುಬಿಡುತ್ತಿದ್ದೆ.

ಅಂದಹಾಗೆ, ಅಮೆರಿಕದವರ ಮಾತಿನಲ್ಲಿ ‘ಇಫ್ ಹಿ ವುಡ್ ಹ್ಯಾವ್ ಕಮ್’ ಅನ್ನುವುದು ಕೇಳಿಬರುತ್ತದೆ. ತಿದ್ದಿ ಅಚ್ಚು ಹಾಕುವ ಬರಹದಲ್ಲಿ ಅದನ್ನು ಬಿಡುವುದಿಲ್ಲ. ನಿಮ್ಮ ಮೇಲಿನವರ ಕಿವಿಗೆ ಅದು ಬಿದ್ದಿರಬಹುದು.

ಪಾಳಿಬುಕ್ಕು:

ಇಬ್ಬರಿಗೂ ಧನ್ಯವಾದ. ಗಾರ್ಡ್ ವಾಕ್ಯವನ್ನು ‘ವುಡ್ ಹ್ಯಾವ್’ ತೆಗೆದು ಓದಿಸಿದೆ. ತಕ್ಷಣ ಒಪ್ಪಿದರು. ಇನ್ನೊಂದನ್ನು ಮಾತ್ರ ‘ಇಫ್ ಎನಿ ಆಪರೇಟರ್ ರೀಚ್ಡ್ ಇನ್’ ಅಂತ ಬರೆದುಬಿಡಿ ಅಂದರು. ‘ಇಫ್’ ಬಂದಮೇಲೆ ‘ರೀಚ್ಡ್’ ಬಗ್ಗೆ ತಕರಾರೇ ಇಲ್ಲ! ನಾನೂ ಕೆದಕಲು ಹೋಗಲಿಲ್ಲ.

ಈಗ ಸಹೋದ್ಯೋಗಿಯ ವಾಕ್ಯ ಒಂದು ನನ್ನ ಮೇಜಿಗೆ ಬಂದಿದೆ. ಕ್ರೇನಿನ ಹುಕ್ಕಿನಲ್ಲಿ ಬಿರುಕು ಇತ್ತು. ಸಮಯಕ್ಕೆ ಸರಿಯಾಗಿ ಕಂಡಿತು, ಹುಕ್ ಬದಲಾಯಿಸಿದರು. ಏನೂ ಆಗಲಿಲ್ಲ. ಅವರು ಬರೆದದ್ದು: “ದ ಕ್ರ್ಯಾಕ್ ದಟ್ ವುಡ್ ಬ್ರೇಕ್ ದ ಹುಕ್ ವಾಸ್ ಫೌಂಡ್ ಇನ್ ಮಾರ್ಚ್.” ಇಲ್ಲಿ ರಿಲೇಟಿವ್ ಕ್ಲಾಸ್ ಫಲಿತಾಂಶ, ‘ವುಡ್’ ಕೂಡ ಇದೆ. ಆದರೂ ಏನೋ ಸರಿ ಇಲ್ಲ ಅನ್ನಿಸುತ್ತಿದೆ.

ಕೆಂಪುಪೆನ್ನು:

ಸರಿ ಇಲ್ಲವೇ ಇಲ್ಲ. ಆ ವಾಕ್ಯ ಓದಿದವರು ಹುಕ್ ಮುರಿದೇ ಹೋಯಿತು ಅಂದುಕೊಳ್ಳುತ್ತಾರೆ.

ಹಿಂದಿನ ಕಥೆ ಹೇಳುವಾಗ ಬರೀ ‘ವುಡ್’ ಬಂದರೆ ಅದು ಊಹೆ ಆಗಬೇಕೆಂದಿಲ್ಲ. ‘ಆಮೇಲೆ ಹಾಗೇ ಆಯಿತು’ ಅಂತಲೂ ಆಗುತ್ತದೆ. “ದ ಬಾಯ್ ಹೂ ವುಡ್ ಬಿಕಮ್ ಕಿಂಗ್” ಅಂದರೆ ಮುಂದೆ ರಾಜನಾದ ಹುಡುಗ. “ದ ಬಾಯ್ ಹೂ ವುಡ್ ಹ್ಯಾವ್ ಬಿಕಮ್ ಕಿಂಗ್” ಅಂದರೆ ರಾಜನಾಗಬೇಕಿದ್ದವನು, ಆದರೆ ಆಗಲಿಲ್ಲ. ಒಂದು ‘ಹ್ಯಾವ್’ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಸಿಂಹಾಸನ ನಿಂತಿದೆ. ಹಾಗಾಗಿ ನಿಮ್ಮ ಸಹೋದ್ಯೋಗಿ ‘ವುಡ್ ಹ್ಯಾವ್ ಬ್ರೋಕನ್’ ಅಂತಲೇ ಬರೆಯಬೇಕು.

ಆದರೆ ‘ವುಡ್ ಹ್ಯಾವ್’ ಹಾಕಿದ ತಕ್ಷಣ ಎಲ್ಲಾ ಸರಿಹೋಯಿತು ಅಂದುಕೊಳ್ಳಬೇಡಿ. ಅದಕ್ಕೆ ಇನ್ನೊಂದು ಮುಖ ಇದೆ. ಅಪಘಾತದ ವರದಿಯಲ್ಲಿ ನನಗೆ ಭಯ ಇರುವುದು ಅದರ ಬಗ್ಗೆಯೇ. “ದ ಫಿಟ್ಟರ್, ಹೂ ವುಡ್ ಹ್ಯಾವ್ ಸೀನ್ ದ ಕ್ರ್ಯಾಕ್, ಸೆಡ್ ನಥಿಂಗ್.” ಇದನ್ನು ಹೇಗೆ ಓದುತ್ತೀರಿ? ‘ಫಿಟ್ಟರ್ ಬಿರುಕನ್ನು ನೋಡಿಯೇ ಇರಬೇಕು, ಆದರೂ ಬಾಯಿ ಬಿಡಲಿಲ್ಲ’ ಅಂತ. ಇಲ್ಲಿ ‘ವುಡ್ ಹ್ಯಾವ್’ ಆಗದೇ ಹೋದದ್ದನ್ನು ಹೇಳುತ್ತಿಲ್ಲ. ಬಹುಶಃ ಆಗಿದ್ದನ್ನು ಹೇಳುತ್ತಿದೆ. ಬರೆದವರ ಮನಸ್ಸಿನಲ್ಲಿ ‘ಸರಿಯಾಗಿ ಪರೀಕ್ಷೆ ಮಾಡಿದ್ದರೆ ನೋಡುತ್ತಿದ್ದ’ ಅಂತ ಇದ್ದಿರಬಹುದು. ಕಾಗದದ ಮೇಲೆ ಮಾತ್ರ ಒಬ್ಬ ಕೆಲಸಗಾರನ ಮೇಲೆ ಆರೋಪ ಬಂದು ಕೂತಿದೆ. ಎರಡೂ ಅರ್ಥಕ್ಕೆ ಅದೇ ಪದಗಳು. ಇಂಥ ಕಡೆ ರಿಲೇಟಿವ್ ಕ್ಲಾಸಿನ ಆಸೆ ಬಿಟ್ಟುಬಿಡಿ. ‘ಬಹುಶಃ ನೋಡಿದ್ದಾನೆ’ ಅಂತಾದರೆ ‘ಪ್ರಾಬಬ್ಲಿ’ ಹಾಕಿ. ಷರತ್ತಾದರೆ ‘ಇಫ್’ ಹಾಕಿ ಪೂರ್ತಿ ಬರೆಯಿರಿ. ವಾಕ್ಯ ಉದ್ದವಾದರೆ ಆಗಲಿ.

ಅರ್ಧವಿರಾಮ:

‘ವಿಚ್’ ಬಗ್ಗೆ ಯಾರೂ ಮಾತಾಡಲಿಲ್ಲ. ಇಂಥ ವರದಿಗಳಲ್ಲಿ ಅದೂ ಜಾಸ್ತಿ ಬರುತ್ತದೆ.

“ಹಿ ಡಿಡ್ ನಾಟ್ ಪ್ರೆಸ್ ದ ಬಟನ್, ವಿಚ್ ಮೇಡ್ ಥಿಂಗ್ಸ್ ವರ್ಸ್.” ಇಲ್ಲಿ ಪರಿಸ್ಥಿತಿ ಕೆಡಿಸಿದ್ದು ಯಾವುದು? ಬಟನ್ ಒತ್ತದೇ ಇದ್ದದ್ದು. ಈಗ ಇದನ್ನು ನೋಡಿ: “ಹಿ ಡಿಡ್ ನಾಟ್ ಪ್ರೆಸ್ ದ ಬಟನ್, ವಿಚ್ ವುಡ್ ಹ್ಯಾವ್ ಕಟ್ ದ ಪವರ್.” ಕರೆಂಟ್ ನಿಲ್ಲಿಸುತ್ತಿದ್ದದ್ದು ಯಾವುದು? ಬಟನ್ ಒತ್ತಿದ್ದರೆ, ಆ ಒತ್ತುವುದು. ಮೊದಲಿನ ಅರ್ಧ ಎರಡರಲ್ಲೂ ಒಂದೇ, ಅಕ್ಷರ ಕೂಡ ಬದಲಾಗಿಲ್ಲ. ಆದರೆ ‘ವುಡ್ ಹ್ಯಾವ್’ ಬಂದ ಕೂಡಲೇ ‘ವಿಚ್’ ಆ ‘ನಾಟ್’ ಅನ್ನು ದಾಟಿ, ನಡೆಯದೇ ಇದ್ದ ಕೆಲಸವನ್ನು ಹಿಡಿದುಕೊಳ್ಳುತ್ತದೆ. ‘ವಿಚ್’ ಅಂದರೆ ಬಟನ್ನೇ ಅಂತಲೂ ವಾದ ಮಾಡಬಹುದು, ಅರ್ಥ ಕೆಡುವುದಿಲ್ಲ. ಬಟನ್ ಬದಲು ‘ಹಿ ಡಿಡ್ ನಾಟ್ ಶೌಟ್’ ಅಂತ ಹಾಕಿದರೆ ಆ ವಾದಕ್ಕೂ ಜಾಗ ಇಲ್ಲ, ಹಿಡಿದುಕೊಳ್ಳಲು ವಸ್ತುವೇ ಇಲ್ಲವಲ್ಲ.

“ಹಿ ಇಗ್ನೋರ್ಡ್ ದ ಅಲಾರ್ಮ್, ವಿಚ್ ವುಡ್ ಹ್ಯಾವ್ ಸೇವ್ಡ್ ಹಿಮ್” ತರಹದ್ದು ಬರೆಯಬೇಡಿ. ಅಲಾರ್ಮ್ ಕಾಪಾಡುತ್ತಿತ್ತು ಅಂತ ನೀವು ಹೇಳಲು ಹೊರಟಿರುತ್ತೀರಿ. ಅಲಕ್ಷ್ಯ ಮಾಡಿದ್ದರಿಂದಲೇ ಬದುಕುತ್ತಿದ್ದ ಅಂತ ಓದುವವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ.

ಪಾಳಿಬುಕ್ಕು:

ಅಲಾರ್ಮ್ ವಾಕ್ಯ ಹೆಚ್ಚುಕಡಿಮೆ ಹಾಗೇ ಹಳೆಯ ವರದಿಯೊಂದರಲ್ಲಿದೆ, ಪುಣ್ಯಕ್ಕೆ ಬರೆದದ್ದು ನಾನಲ್ಲ. ಕೊನೆಯದಾಗಿ ಒಂದು. ‘ಇಫ್ ಹಿ ವರ್ ಟ್ರೇನ್ಡ್’ ಅನ್ನುತ್ತೇವಲ್ಲ, ‘ಅ ಮ್ಯಾನ್ ಹೂ ವರ್ ಟ್ರೇನ್ಡ್’ ಅಂತಲೂ ಬರೆಯಬೇಕಾ?

ಕೆಂಪುಪೆನ್ನು:

ಬೇಡ. ಆ ‘ವರ್’ ‘ಇಫ್’ ಜೊತೆ, ‘ವಿಶ್’ ಜೊತೆ, ‘ಆಸ್ ಇಫ್’ ಜೊತೆ ಬರುತ್ತದೆ. ‘ಹೂ’ ಆದಮೇಲೆ ಬಂದರೆ ಕಿವಿಗೆ ಒಗ್ಗುವುದಿಲ್ಲ. “ಅ ಮ್ಯಾನ್ ಹೂ ವಾಸ್ ಟ್ರೇನ್ಡ್ ವುಡ್ ನೋ ದಿಸ್” ಅಂತ ‘ವಾಸ್’ ಹಾಕಿ. ಅದಕ್ಕಿಂತ ‘ಅ ಟ್ರೇನ್ಡ್ ಮ್ಯಾನ್ ವುಡ್ ನೋ ದಿಸ್’ ಇನ್ನೂ ಚೆನ್ನ. ಅಲ್ಲಿ ‘ಹೂ’ ಕೂಡ ಇಲ್ಲ, ಷರತ್ತು ಮಾತ್ರ ಆ ‘ಟ್ರೇನ್ಡ್’ ಒಳಗೆ ಹಾಗೇ ಇದೆ.