ಎಲಾಸ್ಟಿಕ್ ದಾರದ ಮಣಿ ಬ್ರೇಸ್ಲೆಟ್: ಗಂಟು ನಿಲ್ತಾ ಇಲ್ಲ, ಮಾಡಿ ಗೊತ್ತಿರೋರು ಹೇಳಿ

ಕುವೆಂಪುನಗರ, ಮೈಸೂರು: ಮಗಳ ಹುಟ್ಟುಹಬ್ಬಕ್ಕೆ 15 ಜನ ಗೆಳತಿಯರು ಬರ್ತಾರೆ, ಎಲ್ಲಾ ಮೂರನೇ ಕ್ಲಾಸಿನವರು. ರಿಟರ್ನ್ ಗಿಫ್ಟ್ ಕೊಂಡುಕೊಳ್ಳೋ ಬದಲು ಮಣಿ ಬ್ರೇಸ್ಲೆಟ್ ನಾವೇ ಮಾಡೋಣ ಅಂತ. ಗಾಜಿನ ಥರ ಕಾಣೋ ಎಲಾಸ್ಟಿಕ್ಕಲ್ಲಿ ಒಂದು ಪೋಣಿಸಿದ್ವಿ, ಸಂಜೆಯೊಳಗೆ ಗಂಟು ಬಿಚ್ಚಿ ಮಣಿಯೆಲ್ಲ ಸೋಫಾ ಕೆಳಗೆ. ಯಾವ ದಾರ, ಯಾವ ಗಂಟು, ಒಂದಕ್ಕೆ ಎಷ್ಟು ಮಣಿ?

ಸರಸ್ವತಿಪುರಂನಿಂದ: ಆ ಗಾಜಿನಂಥ ದಾರ ಜಾರುತ್ತೆ, ಅದಕ್ಕೇ ಗಂಟು ಕೂರಲ್ಲ. ನೂಲಿನ ಹಾಗೆ ಮೆತ್ತಗಿರೋ, ಸಣ್ಣ ಸಣ್ಣ ಎಳೆ ಸೇರಿರೋ ಎಲಾಸ್ಟಿಕ್ ಕೇಳಿ, 0.7 ಅಥವಾ 0.8 ಮಿ.ಮೀ. ದೇವರಾಜ ಮಾರುಕಟ್ಟೆ ಸುತ್ತಮುತ್ತ ಹೊಲಿಗೆ ಸಾಮಾನು, ಫ್ಯಾನ್ಸಿ ಸಾಮಾನು ಮಾರೋ ಕಡೆ ವಿಚಾರಿಸಿ. ಮಣಿ ತೂತು ದೊಡ್ಡದಿದ್ರೆ ಎರಡೆಳೆ ಹಾಕಿ. ಪೋಣಿಸೋಕೆ ಮುಂಚೆ ದಾರವನ್ನ ಎರಡೂ ಕೈಯಲ್ಲಿ ಹಿಡಿದು ನಾಲ್ಕೈದು ಸಲ ಚೆನ್ನಾಗಿ ಎಳೆದು ಬಿಡಿ. ಹಾಗೆ ಮಾಡದಿದ್ರೆ ಹಾಕ್ಕೊಂಡ ಮೇಲೆ ಸಡಿಲ ಆಗಿ ಮಣಿ ಮಧ್ಯೆ ದಾರ ಕಾಣುತ್ತೆ.

ಮಂಡ್ಯದಿಂದ: ಗಂಟಿನ ವಿಷ್ಯ ನಾನು ಹೇಳ್ತೀನಿ ಕಣಕ್ಕ. ಡಾಕ್ಟ್ರು ಹೊಲಿಗೆ ಹಾಕ್ವಾಗ ಹಾಕೋ ಗಂಟೇ ಇದಕ್ಕೂ. ಎಡದ ತುದೀನ ಬಲದ ಮೇಲೆ ತಂದು, ಒಂದು ಸುತ್ತು ಹಾಕೋ ಕಡೆ ಎರಡು ಸುತ್ತು ಹಾಕಿ ಎಳೀರಿ. ಆ ಎರಡನೇ ಸುತ್ತು ಇರೋದ್ರಿಂದಲೇ ನೀವು ಕೈ ಬಿಟ್ರೂ ಅದು ವಾಪಸ್ ಹೋಗಲ್ಲ. ಆಮೇಲೆ ಬಲದ್ದನ್ನ ಎಡದ ಮೇಲೆ ತಂದು ಇನ್ನೊಂದು ಗಂಟು. ದಿಕ್ಕು ಬದಲಾಗಲೇಬೇಕು, ಎರಡು ಸಲವೂ ಒಂದೇ ಕಡೆಯಿಂದ ಹಾಕಿದ್ರೆ ಜಾರುತ್ತೆ. ಬಿಗಿ ಮಾಡ್ವಾಗ ತುದಿ ಮಾತ್ರ ಎಳೀಬೇಡಿ, ಬ್ರೇಸ್ಲೆಟ್ಟನ್ನೂ ಅಗಲಿಸಿ. ದಾರ ಬಿಗಿದಿದ್ದಾಗಲೇ ಗಂಟು ಚಿಕ್ಕದಾಗಿ ಗಟ್ಟಿ ಕೂರೋದು. ತುದಿ 3 ಮಿ.ಮೀ. ಬಿಟ್ಟು ಕತ್ತರಿಸಿ, ಪಕ್ಕದ ಮಣಿ ತೂತಿನೊಳಕ್ಕೆ ಗಂಟನ್ನ ಎಳ್ಕೊಳಿ. ಅದಕ್ಕೇ ಒಂದು ಮಣಿ ದೊಡ್ಡ ತೂತಿಂದು ಇರಲಿ.

ಗೋಕುಲಂನಿಂದ: ಒಂದು ಹನಿ ಅಂಟು ಹಾಕಿದ್ರೆ ಇನ್ನೂ ಭದ್ರ ಅಲ್ವಾ?

ಮಂಡ್ಯದಿಂದ: ಕ್ಷಣದಲ್ಲಿ ಹಿಡಿಯೋ ಅಂಟು ಬೇಡವೇ ಬೇಡ. ಒಣಗಿದ ಮೇಲೆ ಅಲ್ಲಿ ದಾರ ಕಡ್ಡಿ ಆಗುತ್ತೆ, ಎಳೆದಾಗ ಅಲ್ಲೇ ಕಿತ್ತೋಗೋದು. ಹಾಕಲೇಬೇಕು ಅಂದ್ರೆ ಒಣಗಿದ್ರೂ ಬಾಗೋ, ಆಭರಣಕ್ಕೆ ಅಂತಲೇ ಬರೋ ಅಂಟು.

ಮದ್ದೂರಿನಿಂದ: ಚನ್ನಪಟ್ಟಣದ ಮರದ ಮಣಿ ನೋಡಿ. ಹಗುರ, ಮಕ್ಕಳ ಕೈಗೆ ಚೆನ್ನ. ಆಲೆ ಮರ ಕಡೆದು, ತಿರುಗ್ತಿರೋವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜೋ ಬಿಸಿಗೆ ಅರಗು ಕರಗಿ ಅಂಟ್ಕೊಳುತ್ತೆ. ಹೊಳಪು ಹೊರಗಡೆ ಮಾತ್ರ, ತೂತಿನೊಳಗೆ ಸಿಬಿರು ಇರಬಹುದು. ಸೂಜಿಯಲ್ಲಿ ಒಂದ್ಸಲ ಕೆರೆದುಬಿಡಿ, ಇಲ್ಲಾಂದ್ರೆ ಆ ಸಿಬಿರೇ ದಾರ ಕುಯ್ಯುತ್ತೆ. ಲೋಹದ ಮಣಿಗೂ ಇದೇ ಮಾತು. ಚಿಕ್ಕ ತಮ್ಮ ತಂಗಿ ಇರೋ ಮನೆಗೆ ಕೊಡ್ವಾಗ ಒಂದು ಮಾತು ಹೇಳಿ ಕೊಡಿ, ಮಣಿ ಬಾಯಿಗೆ ಹೋದ್ರೆ ಕಷ್ಟ.

ಸರಸ್ವತಿಪುರಂನಿಂದ: ಮಣಿ ಲೆಕ್ಕ ಯಾರೂ ಹೇಳಲಿಲ್ಲ. ಮಣಿಕಟ್ಟಿನ ಸುತ್ತಳತೆಯಷ್ಟೇ ಪೋಣಿಸಿದ್ರೆ ಬಿಗಿ ಆಗುತ್ತೆ, ಯಾಕಂದ್ರೆ ಮಣಿಯ ದಪ್ಪ ಒಳಗಡೆ ಜಾಗ ತಿನ್ನುತ್ತೆ. ಮಣಿ ದಪ್ಪದ ಮೂರರಷ್ಟು, ಚೂರು ಜಾಸ್ತಿನೇ, ಸೇರಿಸ್ಕೊಳಿ. 13 ಸೆಂ.ಮೀ. ಕೈಗೆ 6 ಮಿ.ಮೀ. ಮಣಿ ಅಂದ್ರೆ ಸುಮಾರು 15 ಸೆಂ.ಮೀ., ಅಂದ್ರೆ 25 ಮಣಿ. ಮಗಳ ಕೈ ಅಳೆದು, ಒಂದೆರಡು ಹೆಚ್ಚು ಕಮ್ಮಿ ಮಾಡ್ಕೊಳಿ.

ಕುವೆಂಪುನಗರ: ಹಾಗಾದ್ರೆ 15ಕ್ಕೆ 375 ಮಣಿ. ದಾರ ಎಷ್ಟು ತರಲಿ?

ಮಂಡ್ಯದಿಂದ: ಗಂಟಿಗೆ ಕೈ ಆಡೋಕೆ 15 ಸೆಂ.ಮೀ. ಜಾಸ್ತಿ ಬಿಟ್ಟು, ಎರಡೆಳೆ ಅಂದ್ರೆ ಒಂದಕ್ಕೆ 60 ಸೆಂ.ಮೀ. ಒಟ್ಟು 9 ಮೀಟರ್, 10 ಮೀಟರಿನ ಸುರುಳಿ ಸಾಕು. ಮಣಿ 400 ತನ್ನಿ. ಪೋಣಿಸ್ವಾಗ ಇನ್ನೊಂದು ತುದೀಗೆ ಬಟ್ಟೆ ಕ್ಲಿಪ್ ಹಾಕಿಡಿ, ಸೋಫಾ ಕೆಳಗೆ ಹುಡುಕೋ ಕೆಲಸ ಇರಲ್ಲ.