ಸಾಣೆ ಹಿಡಿದ ಇಎನ್ 31 ಉಕ್ಕು: ರಾಕ್‌ವೆಲ್ ಒಂದು ಹೇಳುತ್ತದೆ, ವಿಕರ್ಸ್ ಇನ್ನೊಂದು ಹೇಳುತ್ತದೆ

ಪ್ರಶ್ನೆ: ಎಂ.ಟೆಕ್. ವಿದ್ಯಾರ್ಥಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಸರ್ಫೇಸ್ ಗ್ರೈಂಡಿಂಗ್‌ನಲ್ಲಿ (ಸಪಾಟು ಮೇಲ್ಮೈಗೆ ಚಕ್ರದಿಂದ ಸಾಣೆ ಹಿಡಿಯುವುದು) ಪ್ರತಿ ಪಾಸಿನ, ಅಂದರೆ ಚಕ್ರ ಒಮ್ಮೆ ಹಾಯುವಾಗ ತೆಗೆಯುವ ಪದರದ, ಆಳ ಹೆಚ್ಚಿದಂತೆ ಉಕ್ಕಿನ ಮೇಲ್ಮೈ ಗಡಸುತನ ಹೇಗೆ ಬದಲಾಗುತ್ತದೆ ಎಂಬುದು ನನ್ನ ಯೋಜನೆಯ ವಿಷಯ. ಬೇರಿಂಗ್‌ಗೆ ಬಳಸುವ ಇಎನ್ 31 ಉಕ್ಕಿನ 25 ಮಿ.ಮೀ. ವ್ಯಾಸದ, 12 ಮಿ.ಮೀ. ದಪ್ಪದ ಮೂರು ಬಿಲ್ಲೆಗಳನ್ನು 840 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, 180 ಡಿಗ್ರಿಯಲ್ಲಿ ಟೆಂಪರಿಂಗ್ (ಪೆಡಸುತನ ತಗ್ಗಿಸಲು ಮತ್ತೆ ಹದವಾಗಿ ಕಾಯಿಸುವುದು) ಮಾಡಿಸಿ, ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಕ್ರಮವಾಗಿ 10, 20 ಮತ್ತು 40 ಮೈಕ್ರಾನ್ ಪಾಸಿನಲ್ಲಿ ಸಾಣೆ ಹಿಡಿಸಿದೆ. ನಂತರ 1000 ಮತ್ತು 1200ರ ಪೇಪರಿನಲ್ಲಿ ಹಗುರವಾಗಿ ಉಜ್ಜಿ, 3 ಮತ್ತು 1 ಮೈಕ್ರಾನ್ ಡೈಮಂಡ್ ಪೇಸ್ಟಿನಲ್ಲಿ ಪಾಲಿಶ್ ಮಾಡಿದೆ.

ರಾಕ್‌ವೆಲ್ ಸಿ ಮಾಪನದಲ್ಲಿ ಮೂರೂ ಬಿಲ್ಲೆಗಳು 60ರಿಂದ 61 ತೋರಿಸುತ್ತಿವೆ. ಆದರೆ 100 ಗ್ರಾಂ ಭಾರದ ಮೈಕ್ರೋ ವಿಕರ್ಸ್‌ನಲ್ಲಿ ಮೊದಲನೆಯದು 720ರ ಆಸುಪಾಸು, ಎರಡನೆಯದು 650, ಮೂರನೆಯದು 540 ಬರುತ್ತಿದ್ದು, ಆ ಮೂರನೆಯದರಲ್ಲೇ ಒಂದು ಜಾಗದಲ್ಲಿ ಮಾತ್ರ 860 ಬಂದಿದೆ. ಅದೇ ಬಿಲ್ಲೆಯನ್ನು 600ರ ಪೇಪರಿನಿಂದ ಮತ್ತೆ ಉಜ್ಜಿ, ಮೈಕ್ರೋಮೀಟರಿನಲ್ಲಿ ನೋಡಿ 0.03 ಮಿ.ಮೀ. ತೆಗೆದ ಮೇಲೆ 540 ಇದ್ದಲ್ಲಿ 610 ಬಂತು. 860 ಇದ್ದ ಜಾಗ 520ಕ್ಕೆ ಇಳಿಯಿತು. ಯಂತ್ರ ಕೆಟ್ಟಿರಬೇಕೆಂದು ಮಾರ್ಗದರ್ಶಕರು ಹೇಳಿದರು, ಆದರೆ ಪ್ರಮಾಣಿತ ಬ್ಲಾಕಿನ ಮೇಲೆ ಅದು ಸರಿಯಾಗಿಯೇ ಓದುತ್ತದೆ. ನಾನು ಯಾವ ಅಂಕಿಯನ್ನು ವರದಿಯಲ್ಲಿ ಬರೆಯಬೇಕು?

ಉತ್ತರ 1: ಲೋಹ ಪರೀಕ್ಷಕ, ವಿಜಯಪುರ

ಎರಡೂ ಯಂತ್ರಗಳು ನಿಜವನ್ನೇ ಹೇಳುತ್ತಿವೆ. ಅವು ನೋಡುತ್ತಿರುವ ಆಳ ಮಾತ್ರ ಬೇರೆ. ರಾಕ್‌ವೆಲ್ ಸಿ ಮಾಪನದಲ್ಲಿ 120 ಡಿಗ್ರಿಯ ವಜ್ರದ ಶಂಕು ಮೊದಲು 10 ಕೆ.ಜಿ. ಭಾರದಿಂದ ಕೂತು, ಆಮೇಲೆ ಒಟ್ಟು 150 ಕೆ.ಜಿ. ಭಾರದಿಂದ ಒಳಗಿಳಿಯುತ್ತದೆ, ಮತ್ತು ಇಳಿದ ಆಳದ ಪ್ರತಿ 0.002 ಮಿ.ಮೀ.ಗೆ ನೂರರಿಂದ ಒಂದು ಅಂಕ ಕಳೆಯಲಾಗುತ್ತದೆ. 60 ಬಂತೆಂದರೆ ಶಂಕು 80 ಮೈಕ್ರಾನ್ ಇಳಿದಿದೆ ಎಂದರ್ಥ. ವಿಕರ್ಸ್‌ನ ಚೌಕ ಪಿರಮಿಡ್ಡು ಬಿಡುವ ಗುರುತಿನ ಆಳವು ಅದರ ಕರ್ಣದ ಏಳನೇ ಒಂದು ಭಾಗ. 100 ಗ್ರಾಂ ಭಾರದಲ್ಲಿ 540 ಬರಬೇಕಾದರೆ ಕರ್ಣ 18.5 ಮೈಕ್ರಾನ್ ಇರಬೇಕು, ಆಳ ಕೇವಲ 2.6 ಮೈಕ್ರಾನ್. ಹಣ್ಣಿನ ಸಿಪ್ಪೆ ಹುಳಿಯೋ ಸಿಹಿಯೋ ಎಂದು ಕೇಳಿದವರಿಗೆ ನೀವು ತಿರುಳಿನ ರುಚಿಯನ್ನೂ ಸೇರಿಸಿ ಹೇಳಿದ ಹಾಗಾಗಿದೆ.

ಸಾಣೆಯ ಶಾಖದಿಂದ ಮೇಲಿನ ಪದರ 180 ಡಿಗ್ರಿಗಿಂತ ಬಹಳ ಹೆಚ್ಚು ಕಾದಿದ್ದರೆ ಅದು ಮತ್ತೊಮ್ಮೆ ಟೆಂಪರ್ ಆಗಿ ಮೆತ್ತಗಾಗುತ್ತದೆ. 860 ಬಂದ ಜಾಗವೇ ನನಗೆ ಮುಖ್ಯ ಸಾಕ್ಷಿ: ಅಲ್ಲಿ ಉಕ್ಕು ಆಸ್ಟೆನೈಟ್ (ಹೆಚ್ಚು ಕಾದಾಗಿನ ರೂಪ) ಆಗುವಷ್ಟು ಬಿಸಿಯಾಗಿ, ಒಳಗಿನ ತಣ್ಣನೆಯ ಲೋಹ ಆ ಶಾಖವನ್ನು ಹೀರಿಕೊಂಡಿದ್ದರಿಂದ, ಟೆಂಪರ್ ಆಗದ ಹೊಸ ಮಾರ್ಟೆನ್‌ಸೈಟ್ (ಥಟ್ಟನೆ ತಣಿದಾಗಿನ ಗಡಸು ರೂಪ) ಹುಟ್ಟಿದೆ. ಅದರ ಕೆಳಗೆ 520 ಸಿಕ್ಕಿದ್ದು ಇದಕ್ಕೆ ತಕ್ಕಂತೆಯೇ ಇದೆ.

ಉತ್ತರ 2: ಡಿಪ್ಲೊಮಾ ಉಪನ್ಯಾಸಕ, ಬಾಗಲಕೋಟೆ

ಕಡಿಮೆ ಭಾರದಲ್ಲಿ ಗಡಸುತನದ ಅಂಕಿ ಏರುಪೇರಾಗುವುದು ತಿಳಿದ ವಿಷಯವೇ ಅಲ್ಲವೇ? ಕರ್ಣವನ್ನು ಓದುವಾಗಿನ ತಪ್ಪನ್ನೂ ಮೊದಲು ಪರಿಶೀಲಿಸಬೇಕು.

ಉತ್ತರ 3: ಲೋಹ ಪರೀಕ್ಷಕ, ವಿಜಯಪುರ

ಸರ್, ಸಂದೇಹ ನ್ಯಾಯವಾದದ್ದು. ಆದರೆ 18.5 ಮೈಕ್ರಾನಿನಲ್ಲಿ ಅರ್ಧ ಮೈಕ್ರಾನ್ ತಪ್ಪಿದರೂ ಅಂಕಿ ಶೇಕಡಾ 5ರಷ್ಟು, ಅಂದರೆ 30ರ ಆಸುಪಾಸು ಬದಲಾದೀತೇ ಹೊರತು 720ರಿಂದ 540ಕ್ಕೆ ಬೀಳಲಾರದು. ಭಾರ ಇಳಿಸಿದಾಗ ಅಂಕಿ ಸಾಮಾನ್ಯವಾಗಿ ಏರುವ ಕಡೆಗೇ ವಾಲುತ್ತದೆ, ಇಲ್ಲಿ ಇಳಿದಿದೆ. ಅಲ್ಲದೆ ಮೂರೂ ಬಿಲ್ಲೆಗಳಿಗೆ ಭಾರ ಒಂದೇ.

ಉತ್ತರ 4: ಗ್ರೈಂಡರ್ ಆಪರೇಟರ್, ಉದ್ಯಮಬಾಗ

ಇಪ್ಪತ್ತು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ, ಆದ್ದರಿಂದ ಒಂದು ಮಾತು. ಚಕ್ರ ಯಾವುದಿತ್ತು, ಬಿಳಿಯದೋ ಹಸಿರೋ? ಡ್ರೆಸ್ಸಿಂಗ್ (ಚಕ್ರದ ಮೈ ಕೆರೆದು ಮತ್ತೆ ಚೂಪು ಮಾಡುವುದು) ಯಾವಾಗ ಆಗಿತ್ತು? ಕೂಲಂಟ್ ನಳಿಕೆ ಚಕ್ರ ಮತ್ತು ಬಿಲ್ಲೆ ಸೇರುವ ಬಾಯಿಗೇ ಬೀಳುತ್ತಿತ್ತೋ, ಪಕ್ಕದಲ್ಲಿ ಸುರಿದು ಹೋಗುತ್ತಿತ್ತೋ? ಗಡಸು ಉಕ್ಕಿಗೆ ಮೆದು ಗ್ರೇಡಿನ ಚಕ್ರ ಹಾಕಬೇಕು. ಹಾಗಿದ್ದರೆ ಮೊಂಡಾದ ಕಣ ತಾನೇ ಕಳಚಿ ಹೊಸ ಕಣ ಎದುರಿಗೆ ಬರುತ್ತದೆ. ಗಟ್ಟಿ ಚಕ್ರವಾದರೆ ಮೈ ಗಾಜಿನಂತೆ ನುಣ್ಣಗಾಗಿ, ಕತ್ತರಿಸುವ ಬದಲು ಉಜ್ಜುತ್ತದೆ. ಆಗ ಸದ್ದೇ ಬದಲಾಗುತ್ತದೆ.

ಬಿಲ್ಲೆಯ ಮೇಲೆ ಕಂದು ಅಥವಾ ನೀಲಿ ಬಣ್ಣ ಕಾಣಲಿಲ್ಲ, ಆದ್ದರಿಂದ ಸುಟ್ಟಿಲ್ಲ ಎಂದು ಮಾತ್ರ ಹೇಳಬೇಡಿ. ಕೊನೆಯಲ್ಲಿ ಆಳ ಕೊಡದೆ ನಾಲ್ಕು ಪಾಸು ಓಡಿಸಿದರೆ ಬಣ್ಣ ಹೋಗುತ್ತದೆ, ಸುಟ್ಟ ಪದರ ಕೆಳಗೆ ಹಾಗೆಯೇ ಉಳಿಯುತ್ತದೆ. ಗಿರಾಕಿಗೆ ಹೊಳಪು ತೋರಿಸಿ ಮಾಲು ಕಳಿಸಿದವರನ್ನು ನಾನು ನೋಡಿದ್ದೇನೆ.

ಉತ್ತರ 5: ವಿದ್ಯಾರ್ಥಿ, ಬೆಳಗಾವಿ

ಇಂದು ಹೋಗಿ ವಿಚಾರಿಸಿದೆ. ಹಸಿರು ಚಕ್ರವಂತೆ. ಕಾರ್ಬೈಡ್ ಟೂಲಿಗೆಂದು ಹಾಕಿದ್ದನ್ನು ತೆಗೆಯದೆ ನನ್ನ ಬಿಲ್ಲೆಗಳನ್ನೂ ಅದರಲ್ಲೇ ಮುಗಿಸಿದ್ದಾರೆ.

ಉತ್ತರ 6: ಗ್ರೈಂಡರ್ ಆಪರೇಟರ್, ಉದ್ಯಮಬಾಗ

ಹಾಗಾದರೆ ಆಶ್ಚರ್ಯವೇನೂ ಇಲ್ಲ. ಹಸಿರು ಎಂದರೆ ಸಿಲಿಕಾನ್ ಕಾರ್ಬೈಡ್. ಗಡಸುತನದಲ್ಲಿ ಅದು ಅಲ್ಯೂಮಿನಾಕ್ಕಿಂತ ಮೇಲೆ, ಆದರೆ ಕಾದ ಕಬ್ಬಿಣದೊಡನೆ ಅದು ಪ್ರತಿಕ್ರಿಯಿಸಿ ಬೇಗ ಮೊಂಡಾಗುತ್ತದೆ. ಗಟ್ಟಿಯಾದದ್ದೇ ಚೆನ್ನಾಗಿ ಕತ್ತರಿಸುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಉಕ್ಕಿಗೆ ಬಿಳಿ ಅಲ್ಯೂಮಿನಾ ಹಾಕಿಸಿ. ಖರ್ಚು ತಡೆದರೆ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಚಕ್ರ ಇನ್ನೂ ಒಳ್ಳೆಯದು.

ಉತ್ತರ 7: ಮೆಟಲೋಗ್ರಫಿ ಲ್ಯಾಬ್ ಸಹಾಯಕ, ಇಳಕಲ್

ನಮ್ಮೂರಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವರು ಒರಟು ಕಲ್ಲಿನ ಗೀರು ಪೂರ್ತಿ ಹೋಗುವವರೆಗೆ ನಯ ಕಲ್ಲಿಗೆ ಹೋಗುವುದಿಲ್ಲ, ಏಕೆಂದರೆ ಹೊಳಪಿನ ಕೆಳಗೆ ಉಳಿದ ಗೀರು ಬೆಳಕು ಓರೆಯಾಗಿ ಬಿದ್ದಾಗ ಎದ್ದು ಕಾಣುತ್ತದೆ. ಉಕ್ಕಿಗೂ ಅದೇ ಕ್ರಮ. ಪೇಪರ್ ಬದಲಿಸಿದಾಗಲೆಲ್ಲ ಬಿಲ್ಲೆಯನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರು ಅಳಿಯುವವರೆಗೆ ನೀರು ಬಿಟ್ಟು ಉಜ್ಜಿ. ಆದರೆ ನಿಮ್ಮ ವಿಷಯದಲ್ಲಿ ಪಾಲಿಶೇ ನೀವು ಅಳೆಯಬೇಕಾದ ಪದರವನ್ನು ತಿನ್ನುತ್ತಿದೆ. ಆದ್ದರಿಂದ ಮೇಲಿನಿಂದ ಅಳೆಯುವುದನ್ನು ಬಿಟ್ಟು, ಬಿಲ್ಲೆಯನ್ನು ಸಾಕಷ್ಟು ಕೂಲಂಟ್ ಬಿಟ್ಟು ನಿಧಾನವಾಗಿ ಅಡ್ಡ ಕತ್ತರಿಸಿ, ರಾಳದಲ್ಲಿ ಕೂರಿಸಿ, ಅಂಚಿನಿಂದ ಒಳಕ್ಕೆ ಸಾಲಾಗಿ ಗುರುತು ಹಾಕಬೇಕು. ಗುರುತಿನ ನಡುವಿನಿಂದ ಅಂಚಿಗೆ ಕರ್ಣದ ಎರಡೂವರೆ ಪಟ್ಟು ಅಂತರ ಬೇಕು. 100 ಗ್ರಾಂನಲ್ಲಿ ಅದು 46 ಮೈಕ್ರಾನ್ ಆಗುವುದರಿಂದ ನಿಮಗೆ ಬೇಕಾದ ಪದರವೇ ತಪ್ಪಿಹೋಗುತ್ತದೆ. ಭಾರವನ್ನು 25 ಗ್ರಾಂಗೆ ಇಳಿಸಿ, ಇಲ್ಲವೇ 5.7 ಡಿಗ್ರಿಯ ಓರೆ ಕಡಿತ ಮಾಡಿ. ಆಗ ಆಳ ಹತ್ತು ಪಟ್ಟು ಹಿಗ್ಗಿ ಕಾಣುತ್ತದೆ.

ಕತ್ತರಿಸುವ ಮುಂಚೆ ನೈಟಾಲ್ (ಆಲ್ಕೋಹಾಲಿನಲ್ಲಿ ಸ್ವಲ್ಪ ನೈಟ್ರಿಕ್ ಆಮ್ಲ) ಹಚ್ಚಿ ನೋಡಿ. ಮತ್ತೆ ಟೆಂಪರ್ ಆದ ಜಾಗ ಕಪ್ಪಾಗಿಯೂ ಹೊಸ ಮಾರ್ಟೆನ್‌ಸೈಟ್ ಬೆಳ್ಳಗೂ ಕಾಣುತ್ತದೆ. ಆಲ್ಕೋಹಾಲಿಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಉಳಿದದ್ದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಇಡಬಾರದು.

ಉತ್ತರ 8: ವಿದ್ಯಾರ್ಥಿ, ಬೆಳಗಾವಿ

ನೈಟಾಲ್ ಹಚ್ಚಿದೆ. 10 ಮೈಕ್ರಾನ್ ಪಾಸಿನ ಬಿಲ್ಲೆ ಎಲ್ಲೆಡೆ ಒಂದೇ ಬೂದು ಬಣ್ಣ. 40ರ ಬಿಲ್ಲೆಯ ಮೇಲೆ ಸಾಣೆಯ ದಿಕ್ಕಿನಲ್ಲೇ ಕಪ್ಪು ಪಟ್ಟೆಗಳು ಎದ್ದವು, ಮತ್ತು ನಾನು ಪೇಪರಿನಿಂದ ಉಜ್ಜದೆ ಬಿಟ್ಟಿದ್ದ ಅದರ ಹಿಂಬದಿಯಲ್ಲಿ ಒಂದು ಪಟ್ಟೆಯ ನಡುವೆ ಉಗುರಿನಷ್ಟು ಬೆಳ್ಳಿ ಬಣ್ಣದ ಕಲೆ, ಸುತ್ತಲೂ ಕಪ್ಪು ಅಂಚು. ಮಾರ್ಗದರ್ಶಕರು ಅದನ್ನು ಐದು ನಿಮಿಷ ನೋಡಿದರು, ಯಂತ್ರದ ಮಾತು ಮತ್ತೆ ಎತ್ತಲಿಲ್ಲ. ಈಗ ಅದೇ ಉಕ್ಕಿನ ಇನ್ನೂ ಮೂರು ಬಿಲ್ಲೆಗಳನ್ನು ಬಿಳಿ ಚಕ್ರದಲ್ಲಿ ಮಾಡಿಸಲು ಒಪ್ಪಿದ್ದಾರೆ.

ಉತ್ತರ 9: ಗ್ರೈಂಡರ್ ಆಪರೇಟರ್, ಉದ್ಯಮಬಾಗ

ಈ ಸಲ ನೀವೂ ಯಂತ್ರದ ಪಕ್ಕದಲ್ಲಿ ನಿಲ್ಲಿ. ಪ್ರತಿ ಬಿಲ್ಲೆಗೂ ಮುಂಚೆ ಚಕ್ರಕ್ಕೆ ಡ್ರೆಸ್ಸಿಂಗ್ ಮಾಡಿಸಿ. ಇಲ್ಲವಾದರೆ ಮೂರನೆಯ ಬಿಲ್ಲೆಯಲ್ಲಿ ನೀವು ಅಳೆಯುವುದು ಪಾಸಿನ ಆಳವನ್ನಲ್ಲ, ಚಕ್ರದ ಮೊಂಡುತನವನ್ನು.